ಕೋಟೆ ಮೊದಲೋ, ಪೇಟೆ ಮೊದಲೋ

ಡಿಸೆಂಬರಿನ ಆ ಬುಧವಾರ ಬೆಳಗ್ಗೆ ಚಕ್ರಪಾಣಿ ಮೇಷ್ಟ್ರು ನಾಲ್ಕನೇ ಸಲ ಉಪ್ಪುನೀರಿನಲ್ಲಿ ಗಂಟಲು ಮುಕ್ಕಳಿಸಿ, ಬಚ್ಚಲಮನೆಯ ಬಾಗಿಲು ಮುಂದೆ ಮಾಡಿಕೊಂಡು, “ಮಕ್ಕಳೇ” ಎಂದು ಹೇಳಿ ನೋಡಿದರು. ಬಂದದ್ದು ಬರೀ ಗಾಳಿ. ಇನ್ನೊಮ್ಮೆ ಪ್ರಯತ್ನಿಸಿದರು. ಗಾಳಿಯ ಜೊತೆಗೆ ತುಕ್ಕು ಹಿಡಿದ ಗೇಟು ತೆಗೆದ ಹಾಗೆ ಕಿರ್ ಅಂತೊಂದು ಸದ್ದು ಬಂತು, ಅಷ್ಟೆ.

“ಏನೂಂದ್ರೆ, ಪಿಸುಗುಟ್ಟೋದೂ ಬೇಡ ಅಂದಿದಾರೆ ಡಾಕ್ಟ್ರು. ಬಚ್ಚಲಲ್ಲಿ ಯಾರಿಗೆ ಪಾಠ ಮಾಡ್ತಿದೀರಿ?” ಹೆಂಡತಿ ಆಂಡಾಳ್ ಹೊರಗಿನಿಂದ ಕೂಗಿದರು.

ಮೇಷ್ಟ್ರು ಬಾಗಿಲು ತೆಗೆದು ಎರಡು ಬೆರಳೆತ್ತಿ ತೋರಿಸಿದರು. ಇವತ್ತು ಅವರಿಗೆ ಬೇಕಾಗಿದ್ದದ್ದು ಎರಡೇ ಮಾತು. ಇನ್ಸ್‌ಪೆಕ್ಷನ್‌ಗೆ ಪರಿವೀಕ್ಷಕರು ಬಂದಾಗ “ನಮಸ್ಕಾರ ಸಾರ್”, ಹೋಗುವಾಗ “ಧನ್ಯವಾದ ಸಾರ್”. ನಡುವಿನ ನಲವತ್ತು ನಿಮಿಷ ಮಕ್ಕಳು ನೋಡಿಕೊಳ್ಳುತ್ತಾರೆ. ಆ ಎರಡು ಮಾತಿಗೆಂದೇ ನಾಲ್ಕು ದಿನದಿಂದ ಹೆಂಡತಿಯ ಹತ್ತಿರವೂ ತುಟಿ ಬಿಚ್ಚದೆ ಗಂಟಲು ಉಳಿಸಿಕೊಂಡಿದ್ದರು, ಪಾಪ.

ಆ ಗಂಟಲು ಎಂಥದ್ದು ಅಂತೀರಿ! ಚಾಮರಾಜಪೇಟೆಯ ಆ ಹೈಸ್ಕೂಲಿನಲ್ಲಿ ಇಪ್ಪತ್ತೇಳು ವರ್ಷ ಗುಡುಗಿದ ಗಂಟಲು. ಮೈಕಿಲ್ಲದೆ ಗಣರಾಜ್ಯೋತ್ಸವ ನಡೆಸಿದ ಗಂಟಲು. ಮೇಷ್ಟ್ರು ಮೊಘಲರ ಪಾಠ ಶುರು ಮಾಡಿದರೆ ಎದುರು ರಸ್ತೆಯ ಹೂವಿನವಳು ಅಕ್ಬರ್ ಬಂದ ಅಂತ ನಗುತ್ತಿದ್ದಳು. ಕೊನೇ ಬೆಂಚಿಗೆ ಕೇಳಿಸದೇ ಇದ್ದದ್ದು ಪಾಠವೇ ಅಲ್ಲ ಎಂದು ಸ್ಟಾಫ್ ರೂಮಿನಲ್ಲಿ ಹೊಸ ಮೇಷ್ಟ್ರುಗಳನ್ನು ಗದರಿಸುತ್ತಿದ್ದರು. ಅವರ ಪಾಠವೆಂದರೆ ಇನ್ನೇನಿಲ್ಲ, ನೋಟ್ಸು. “ಪುಸ್ತಕ ಮುಚ್ಚಿ, ಬರ್ಕೊಳಿ” ಅಂದರೆ ಮುಗಿಯಿತು, ಅಲ್ಪವಿರಾಮ ಸಮೇತ ಹೇಳಿ ಬರೆಸುತ್ತಿದ್ದರು. ಮೂರನೇ ಮೈಸೂರು ಯುದ್ಧಕ್ಕೆ ಬಂದಾಗ ಮಾತ್ರ ಒಂದು ಪ್ರಾಸ ಇತ್ತು. “ಕೋಟೆ ಬಿತ್ತು, ಪೇಟೆ ಸಿಕ್ತು, ಸಾವಿರದ ಏಳ್ನೂರ ತೊಂಬತ್ತೊಂದು!” ಮೇಷ್ಟ್ರು ಮೇಜು ಕುಟ್ಟುವುದು, ನಲವತ್ತು ಮಕ್ಕಳು ಒಟ್ಟಿಗೆ ಕಿರುಚುವುದು. ಕಾರ್ನ್‌ವಾಲಿಸನ ದಂಡು ಮೊದಲು ಬೆಂಗಳೂರಿನ ಕೋಟೆ ಹಿಡಿಯಿತು, ಆಮೇಲೆ ಪೇಟೆ ಹಿಡಿಯಿತು ಎಂದು ಅದರ ಅರ್ಥ. ಮದುವೆಮನೆಗಳಲ್ಲಿ ಹೊಟ್ಟೆ ಬಂದ, ತಲೆ ಬೋಳಾದ ಹಳೇ ಶಿಷ್ಯರು ಊಟದ ಪಂಕ್ತಿಯಿಂದಲೇ “ಕೋಟೆ ಬಿತ್ತು ಸಾರ್!” ಎಂದು ಕೂಗಿದರೆ ಮೇಷ್ಟ್ರ ಮುಖ ಇಷ್ಟಗಲ ಆಗುತ್ತಿತ್ತು.

ಇಂಥ ಗಂಟಲು ಜುಲೈನಲ್ಲಿ ಕೈಕೊಟ್ಟಿತು. ಮೊದಲು ಶೀತ ಅಂದುಕೊಂಡರು. ಆಂಡಾಳ್ ಜ್ಯೇಷ್ಠಮಧು ಕುದಿಸಿ ಕೊಟ್ಟರು, ಕಾಳುಮೆಣಸಿನ ಸಾರು ಮಾಡಿ ಹಾಕಿದರು. ಡಾಕ್ಟರು ಕನ್ನಡಿ ಇಟ್ಟು ನೋಡಿ, ಧ್ವನಿ ಬರುವ ಜಾಗದಲ್ಲಿ ಗಂಟು ಎದ್ದಿದೆ, ಆರು ತಿಂಗಳು ಮಾತೇ ಬೇಡ, ಆಮೇಲೆ ಆಪರೇಷನ್ ನೋಡೋಣ ಎಂದರು. ಗವಿಪುರದ ಮನೆಗೆ ಬಂದ ಮೇಷ್ಟ್ರು ಜಗಲಿಯಲ್ಲಿ ಕೂತು, ಐವತ್ತಾರು ವರ್ಷದ ಗಂಡಸು, ಸದ್ದಿಲ್ಲದೆ ಅತ್ತರು. ಸದ್ದು ಮಾಡಿ ಅಳುವುದಕ್ಕೂ ಡಾಕ್ಟರ ಅಪ್ಪಣೆ ಇರಲಿಲ್ಲವಲ್ಲ!

ರಜೆ ಹಾಕಿ ಎಂದರು ಆಂಡಾಳ್. ಹೇಗೆ ಹಾಕುವುದು? ಮುಂದಿನ ಜೂನಿನಿಂದ ಒಂಬತ್ತನೇ ಕ್ಲಾಸಿನ ಎರಡು ಸೆಕ್ಷನ್ ಸೇರಿಸಿ ಒಂದು ಮಾಡುತ್ತಾರೆ. ಸಮಾಜ ವಿಜ್ಞಾನಕ್ಕೆ ಇಬ್ಬರು ಬೇಡ. ಇನ್ಸ್‌ಪೆಕ್ಷನ್‌ನಲ್ಲಿ ಯಾರ ಪಾಠ ಸರಿಯಿಲ್ಲ ಎಂದು ವರದಿ ಬರುತ್ತದೋ ಅವರು ಹೆಚ್ಚುವರಿ, ಇಲಾಖೆ ಯಾವ ಮೂಲೆಗೆ ತಳ್ಳಿದರೆ ಆ ಮೂಲೆಗೆ ಹೋಗಬೇಕು. ಹೆಡ್‌ಮಾಸ್ಟರ್ ಶಿವಲಿಂಗಯ್ಯ ಇದನ್ನು ಸ್ಟಾಫ್ ಮೀಟಿಂಗಿನಲ್ಲಿ ಚಕ್ರಪಾಣಿಯವರ ಕಡೆ ನೋಡಿಕೊಂಡೇ ಹೇಳಿದ್ದರು. ಮಾತು ಬಾರದ ಮೇಷ್ಟ್ರು ಎಂದು ಗೊತ್ತಾದರೆ ವರದಿಯವರೆಗೂ ಕಾಯುವ ಪೈಕಿಯಲ್ಲ ಆತ. ರಿಟೈರ್ ಆಗಲು ಎರಡೇ ವರ್ಷ ಇದ್ದವು. ಆ ಕೋಣೆ, ಆ ಕಪ್ಪುಹಲಗೆ ಬಿಟ್ಟರೆ ತಾನು ಯಾರೂ ಅಲ್ಲ ಎಂದು ಮೇಷ್ಟ್ರಿಗೆ ಎದೆಯೊಳಗೇ ಗೊತ್ತಿತ್ತು.

ಆಗ ನೆನಪಾದದ್ದು ಬೀರುವಿನ ಕಾಲಿಗೆ ಒತ್ತಾಗಿ ಇಟ್ಟಿದ್ದ ತರಬೇತಿ ಪುಸ್ತಕ. ಜೂನಿನಲ್ಲಿ ಹತ್ತು ದಿನ ಇಲಾಖೆಯವರು ಕೂರಿಸಿ ಗುಂಪು ಕಲಿಕೆ ಅಂತ ಏನೋ ಹೇಳಿಕೊಟ್ಟಿದ್ದರು. ಮೇಷ್ಟ್ರು ಎಂಟು ದಿನ ನಿದ್ದೆ ಹೊಡೆದು, ಎರಡು ದಿನ ಗೇಲಿ ಮಾಡಿದ್ದರು. ಈಗ ಬೀರು ಎತ್ತಿಸಿ ಪುಸ್ತಕ ಎಳೆದು ತೆಗೆದರು. ಮೊದಲ ಪುಟದಲ್ಲೇ ಇತ್ತು, ಶಿಕ್ಷಕರು ಕಡಿಮೆ ಮಾತನಾಡಬೇಕು. ಅದರ ಕೆಳಗೆ ಕೆಂಪು ಗೆರೆ ಎಳೆದರು.

ಅಂದಿನಿಂದ ಒಂಬತ್ತನೇ ಬಿ ಸೆಕ್ಷನ್ನಿನ ರೂಪವೇ ಬದಲಾಯಿತು. ನಾಲ್ಕು ನಾಲ್ಕು ಮಕ್ಕಳ ಹತ್ತು ಗುಂಪು. ಒಂದು ಪಾಠಕ್ಕೆ ನಾಲ್ಕು ಪಾಲು, ಒಬ್ಬೊಬ್ಬರಿಗೆ ಒಂದೊಂದು. ತಮ್ಮ ಪಾಲನ್ನು ಓದಿ, ಹುಡುಕಿ, ಗುಂಪಿನ ಉಳಿದ ಮೂವರಿಗೆ ಕಲಿಸಬೇಕು. ಕೊನೆಯಲ್ಲಿ ಡಬ್ಬಿಯಿಂದ ಹೆಸರಿನ ಚೀಟಿ ಎತ್ತುವುದು. ಯಾರ ಹೆಸರು ಬರುತ್ತದೋ ಅವರು ಇಡೀ ಪಾಠಕ್ಕೆ ಉತ್ತರ ಹೇಳಬೇಕು, ಅವರ ಅಂಕವೇ ನಾಲ್ವರಿಗೂ. ಮೇಷ್ಟ್ರು ಹೇಳಬೇಕಾದ್ದನ್ನೆಲ್ಲ ಚೀಟಿಯಲ್ಲಿ ಬರೆದು ಕೊಡುತ್ತಿದ್ದರು. ಗದ್ದಲ ಹೆಚ್ಚಾದರೆ ದೇವರಮನೆಯಿಂದ ತಂದ ಹಿತ್ತಾಳೆ ಗಂಟೆ ಬಾರಿಸುತ್ತಿದ್ದರು. ಚೀಟಿಗೆ ಕಾಗದ ತರುವವಳು ಮಾನ್ಯ. ಅವಳಪ್ಪನಿಗೆ ಸುಲ್ತಾನ್‌ಪೇಟೆಯಲ್ಲಿ ಲಗ್ನಪತ್ರಿಕೆ ಅಂಗಡಿ. ತಪ್ಪಾಗಿ ಅಚ್ಚಾದ ಪತ್ರಿಕೆಗಳ ಖಾಲಿ ಬೆನ್ನೇ ಮೇಷ್ಟ್ರ ಹೊಸ ಬಾಯಿ.

“ಏನ್ರೀ ಚಕ್ರಪಾಣಿ, ಕ್ಲಾಸಲ್ಲಿ ಚಿಕ್ಕಪೇಟೆ ತಂದ್ ಕೂರ್ಸಿದೀರಾ?” ಎಂದು ಶಿವಲಿಂಗಯ್ಯ ಎರಡು ಸಲ ಬಾಗಿಲಿಗೆ ಬಂದರು. ಮೇಷ್ಟ್ರು ನಗುತ್ತಾ ತರಬೇತಿ ಪುಸ್ತಕದ ಕೆಂಪು ಗೆರೆ ತೋರಿಸಿದರು. ಸರ್ಕಾರವೇ ಹೇಳಿದ ಮೇಲೆ ಹೆಡ್‌ಮಾಸ್ಟರ್ ಏನು ಮಾಡಿಯಾರು? ಗೊಣಗಿಕೊಂಡು ಹೋದರು. ಸ್ಟಾಫ್ ರೂಮಿನಲ್ಲೂ ಮೇಷ್ಟ್ರು ಶೀತವೆಂದು ಗಂಟಲು ತೋರಿಸಿ, ತಲೆ ಆಡಿಸಿಯೇ ಕಾಲ ತಳ್ಳುತ್ತಿದ್ದರು.

ನಿಜ ಹೇಳಬೇಕೆಂದರೆ ಮೇಷ್ಟ್ರಿಗೆ ಈ ಗುಂಪಿನ ಮೇಲೆ ಮೊದಮೊದಲು ಹೊಟ್ಟೆಯುರಿ. ಮಕ್ಕಳು ತಮ್ಮತಮ್ಮಲ್ಲೇ ಜಗಳವಾಡಿ, ನಕ್ಕು, ಪಾಠ ಮುಗಿಸಿಬಿಡುತ್ತಿದ್ದವು. ಇಪ್ಪತ್ತೇಳು ವರ್ಷದ ಗಂಟಲು ಇಲ್ಲವೆಂದು ಯಾರೂ ಅಳಲಿಲ್ಲ. ಕಿರುಪರೀಕ್ಷೆಯಲ್ಲಿ ಅಂಕ ಬೇರೆ ಜಾಸ್ತಿ ಬಂತು! ಅವತ್ತು ಮೇಷ್ಟ್ರು ಊಟ ಸರಿಯಾಗಿ ಮಾಡಲಿಲ್ಲ. ಆದರೆ ದಿನ ಕಳೆದಂತೆ ಬೆಂಚುಗಳ ನಡುವೆ ಓಡಾಡುತ್ತಾ ಕೇಳಿಸಿಕೊಳ್ಳುವ ರುಚಿ ಹತ್ತಿತು. ಕೊನೇ ಬೆಂಚಿನ ಮಕ್ಕಳ ದನಿ ಅವರು ಕೇಳಿದ್ದೇ ಈ ವರ್ಷ.

ಹೀಗೆ ಎಲ್ಲ ನೆಟ್ಟಗೆ ನಡೆಯುತ್ತಿದ್ದಾಗ ಈ ಸೋಮವಾರ ಗ್ರಹಚಾರ ಕೆಟ್ಟಿತು. ಇನ್ಸ್‌ಪೆಕ್ಷನ್‌ಗೆಂದು ಮೂರನೇ ಮೈಸೂರು ಯುದ್ಧವನ್ನೇ ಇಟ್ಟುಕೊಂಡಿದ್ದರು. ಮಾನ್ಯಳ ಗುಂಪಿನಲ್ಲಿ ಪೇಟೆಯ ಪಾಲು ಅವಳದು, ಕೋಟೆಯ ಪಾಲು ವಂಶಿ ಎಂಬ ಹುಡುಗನದು. ಇಬ್ಬರೂ ತಾರೀಕು ಜೋಡಿಸಲು ಕೂತಾಗ ಲೆಕ್ಕ ತಪ್ಪಿತು. ಮಾನ್ಯ ಚಾರ್ಟು ಹಿಡಿದುಕೊಂಡು ಮೇಜಿನ ಹತ್ತಿರ ಬಂದಳು.

“ಸಾರ್, ವಂಶಿ ಕೋಟೆ ಹತ್ರ ಹೋಗಿ ಕಲ್ಲು ನೋಡ್ಕೊಂಡ್ ಬಂದಿದಾನೆ. ಗೋಡೆ ಒಡೆದು ನುಗ್ಗಿದ್ದು ಮಾರ್ಚ್ ಇಪ್ಪತ್ತೊಂದು ಅಂತ ಕೆತ್ತಿದಾರೆ. ಲೈಬ್ರರಿ ಗೆಜೆಟಿಯರಲ್ಲಿ ಪೇಟೆ ಹಿಡಿದಿದ್ದು ಮಾರ್ಚ್ ಏಳು ಅಂತಿದೆ. ಹಾಗಾದ್ರೆ ಪೇಟೆ ಮೊದಲು ತಾನೇ ಸಾರ್? ನೀವು ಗುಂಪಿಗೆ ಕೊಟ್ಟಿರೋ ಹಳೇ ನೋಟ್ಸಲ್ಲಿ ಉಲ್ಟಾ ಇದೆ.”

ಮೇಷ್ಟ್ರು ಚಾರ್ಟು ಎಳೆದುಕೊಂಡು ನೋಡಿದರು. ಮುಖಕ್ಕೆ ರಕ್ತ ನುಗ್ಗಿತು. ಗಂಟಲಿದ್ದಿದ್ದರೆ ಅಲ್ಲೇ ಆ ಹುಡುಗಿಯ ನೀರಿಳಿಸುತ್ತಿದ್ದರು. ಇಲ್ಲದ್ದರಿಂದ ತಲೆ ಅಲ್ಲಾಡಿಸಿ ಕಳಿಸಿದರು.

ಮಂಗಳವಾರ ಸಂಜೆ ಮಾರ್ಕೆಟ್ಟಿನ ಜನಜಂಗುಳಿ ದಾಟಿಕೊಂಡು ತಾವೇ ಕೋಟೆಗೆ ಹೋದರು. ಕಲ್ಲಿನಲ್ಲಿ ಮಾರ್ಚ್ 21 ಇತ್ತು. ಮಧ್ಯಾಹ್ನ ಶಾಲೆಯಲ್ಲಿ ನೋಡಿದ್ದ ಗೆಜೆಟಿಯರಿನಲ್ಲಿ ಮಾರ್ಚ್ 7 ಇತ್ತು. ಶಾಲೆಯ ಲೈಬ್ರರಿ ಬೀರುವಿನ ಕೀಲಿ ಇಪ್ಪತ್ತು ವರ್ಷ ಅವರ ಜೇಬಿನಲ್ಲೇ ಇತ್ತು, ಆ ಪುಸ್ತಕದ ಧೂಳು ಮಾತ್ರ ಅವರು ಕೊಡವಿರಲಿಲ್ಲ. ಆ ಪ್ರಾಸ ಎಲ್ಲಿಂದ ಬಂತೆಂದು ನೆನಪು ಮಾಡಿಕೊಂಡರು. ಎಲ್ಲಿಂದಲೂ ಅಲ್ಲ. ಕೆಲಸಕ್ಕೆ ಸೇರಿದ ಎರಡನೇ ವರ್ಷ, ಹೇಳಲಿಕ್ಕೆ ಚೆನ್ನಾಗಿದೆ ಅಂತ ತಾವೇ ಕಟ್ಟಿದ್ದು. ಒಬ್ಬೊಬ್ಬರೇ ಬರೆದುಕೊಂಡು ಬಾಯಿಪಾಠ ಮಾಡಿದ ಎರಡು ಸಾವಿರ ಮಕ್ಕಳಲ್ಲಿ ಒಬ್ಬರೂ ಕೇಳಿರಲಿಲ್ಲ.

ಇಲ್ಲಿಯವರೆಗೆ ಮೇಷ್ಟ್ರದು ಅರಿಯದ ತಪ್ಪು. ಬುಧವಾರ ಬೆಳಗ್ಗೆ ಮಾಡಿದ್ದು ಗೊತ್ತಿದ್ದೂ ಮಾಡಿದ ತಪ್ಪು. ಇನ್ಸ್‌ಪೆಕ್ಷನ್ ದಿನ ಸ್ವಂತ ನೋಟ್ಸೇ ತಪ್ಪೆಂದು ಗೊತ್ತಾದರೆ ಕಥೆ ಮುಗಿಯಿತು ಎಂದು ಹೆದರಿ, ಪ್ರಾರ್ಥನೆ ಮುಗಿದ ಕೂಡಲೇ ಮಾನ್ಯಳ ಕೈಗೊಂದು ಚೀಟಿ ಇಟ್ಟರು. ಕೆಂಪು ಅಂಚಿನ ಲಗ್ನಪತ್ರಿಕೆಯ ಚೂರು. ಅದರಲ್ಲಿ ಬರೆದಿತ್ತು: “ಇವತ್ತು ಕೇಳಿದರೆ ನೋಟ್ಸ್‌ನಲ್ಲಿ ಇರುವಂತೆಯೇ ಹೇಳು.” ಹುಡುಗಿ ಓದಿದಳು, ಮೇಷ್ಟ್ರ ಮುಖ ನೋಡಿದಳು, ಮಡಿಸಿಕೊಂಡು ಹೋದಳು. ಮೇಷ್ಟ್ರಿಗೆ ಅವಳ ಮುಖ ನೋಡಲು ಆಗಲಿಲ್ಲ.

ಮೂರನೇ ಪೀರಿಯಡ್ಡಿಗೆ ಶಿವಲಿಂಗಯ್ಯನವರ ಹಿಂದೆ ಪರಿವೀಕ್ಷಕರು ಬಂದರು. ಮೂವತ್ತೈದರ ಆಸುಪಾಸಿನ, ಇಸ್ತ್ರಿ ಮಾಡಿದ ಬಿಳಿ ಷರ್ಟಿನ ಮನುಷ್ಯ. ಬಂದವರೇ ಎಲ್ಲರೆದುರು ಬಗ್ಗಿ ಮೇಷ್ಟ್ರ ಕಾಲು ಮುಟ್ಟಿದರು.

“ಗುರುತು ಸಿಗ್ಲಿಲ್ವಾ ಸಾರ್? ಮುರುಗೇಶ. ಎಂಬತ್ನಾಲ್ಕರ ಬ್ಯಾಚು, ಕೊನೇ ಬೆಂಚು. ನಾನು ಸೋಷಿಯಲ್ ಓದಿದ್ದೇ ನಿಮ್ಮ ಧ್ವನಿಗೋಸ್ಕರ. ಇವತ್ತು ಇನ್ನೊಂದ್ಸಲ ಕೇಳೋಣ ಅಂತ ಆಸೆಯಿಂದ ಬಂದೆ.”

ಅಯ್ಯೋ ದೇವರೇ! ಯಾರು ಬಂದರೂ ಬರಬಹುದಿತ್ತು. ಮೇಷ್ಟ್ರು ಕಷ್ಟಪಟ್ಟು ಉಳಿಸಿಕೊಂಡಿದ್ದ “ನಮಸ್ಕಾರ”ವನ್ನೂ ನುಂಗಿಕೊಂಡು ಬರಿದೇ ಕೈ ಮುಗಿದು ನಕ್ಕರು. ಮುರುಗೇಶ ಹಿಂದಿನ ಬೆಂಚಿನಲ್ಲಿ ಕೂತು, ತೊಡೆಯ ಮೇಲೆ ವರದಿಯ ಹಾಳೆ ಇಟ್ಟುಕೊಂಡ. ಪಾಠೋಪಕರಣ, ಕಪ್ಪುಹಲಗೆಯ ಬಳಕೆ, ಧ್ವನಿ ಎಂದು ಕಾಲಂಗಳು. ಧ್ವನಿಯ ಎದುರು ಪೆನ್ನು ಒಂದು ಕ್ಷಣ ನಿಂತು, ಖಾಲಿ ಬಿಟ್ಟು ಮುಂದೆ ಹೋದದ್ದನ್ನು ಮೇಷ್ಟ್ರು ಪಕ್ಕದಲ್ಲೇ ನಿಂತು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡವರಂತೆ ನೋಡಿದರು.

ಗಂಟೆ ಬಾರಿಸಿದರು. ಮಕ್ಕಳು ಬೆಂಚು ಎಳೆದುಕೊಂಡು ಗುಂಪಾದರು. ನಕ್ಷೆ ಬಿಚ್ಚಿದರು, ವಾದಿಸಿದರು, ಒಬ್ಬರಿಗೊಬ್ಬರು ಹೇಳಿಕೊಟ್ಟರು. ಮುರುಗೇಶನ ಹುಬ್ಬು ಗಂಟಾಗಿತ್ತು. ಮೇಷ್ಟ್ರು ಯಾವಾಗ ಮಾತಾಡುತ್ತಾರೆ ಎಂದು ಐದು ನಿಮಿಷಕ್ಕೊಮ್ಮೆ ತಲೆ ಎತ್ತುತ್ತಿದ್ದ. ಹದಿನೈದು ನಿಮಿಷವಾಯಿತು, ಇಪ್ಪತ್ತಾಯಿತು. ಚಳಿಗಾಲದಲ್ಲೂ ಮೇಷ್ಟ್ರ ಬೆನ್ನು ಬೆವರಿನಲ್ಲಿ ತೊಯ್ದಿತ್ತು. ಇನ್ನು ಇಪ್ಪತ್ತು ನಿಮಿಷ ತಳ್ಳಿದರೆ ಗೆದ್ದ ಹಾಗೆ.

ವಂಶಿ ಚೀಟಿಯ ಡಬ್ಬಿ ತಂದು ಪರಿವೀಕ್ಷಕರ ಮುಂದೆ ಹಿಡಿದ. ಮುರುಗೇಶ ಒಂದು ಚೀಟಿ ಎತ್ತಿ ಓದಿದ. “ಮಾನ್ಯ.”

ಮಾನ್ಯ ಎದ್ದು ನಿಂತಳು. ಮುರುಗೇಶ ಮೇಷ್ಟ್ರ ಕಡೆ ತಿರುಗಿ ಕಣ್ಣು ಮಿಟುಕಿಸಿದ. “ಪ್ರಶ್ನೆ ನಾನೇ ಕೇಳ್ತೀನಿ ಸಾರ್. ಯಾವ್ದು ಅಂತ ನಿಮಗೆ ಗೊತ್ತೇ ಇದೆ. ಏನಮ್ಮಾ, ತೊಂಬತ್ತೊಂದರಲ್ಲಿ ಇಂಗ್ಲಿಷರಿಗೆ ಮೊದಲು ಸಿಕ್ಕಿದ್ದು ಕೋಟೆನೋ, ಪೇಟೆನೋ?”

ಮಾನ್ಯ ಕೈ ಮುಷ್ಟಿ ಮಾಡಿಕೊಂಡಳು. ಮೇಷ್ಟ್ರ ಕಡೆ ನೋಡಿದಳು. ಅವರು ಕಿಟಕಿ ನೋಡುತ್ತಿದ್ದರು.

“ಸಾರ್, ನೋಟ್ಸಲ್ಲಿ ಇರೋ ಥರ ಹೇಳ್ಲಾ, ನಾವು ನೋಡ್ಕೊಂಡ್ ಬಂದಿರೋ ಥರ ಹೇಳ್ಲಾ?”

“ಅದೇನಮ್ಮಾ ಎರಡು ಥರ? ನಿಂಗೆ ಗೊತ್ತಿರೋದು ಹೇಳು.”

“ಪೇಟೆ ಮೊದಲು ಸಾರ್. ಮಾರ್ಚ್ ಏಳು. ಕೋಟೆ ಆಮೇಲೆ, ಮಾರ್ಚ್ ಇಪ್ಪತ್ತೊಂದು.”

ಮುರುಗೇಶ ಗಟ್ಟಿಯಾಗಿ ನಕ್ಕುಬಿಟ್ಟ. “ತಪ್ಪು! ಕೋಟೆ ಬಿತ್ತು, ಪೇಟೆ ಸಿಕ್ತು! ಇದೇ ಕೋಣೇಲಿ ಮೇಜು ಕುಟ್ಟಿ ಹೇಳ್ಕೊಟ್ಟಿದಾರೆ ಕಣಮ್ಮ ನಿಮ್ಮ ಮೇಷ್ಟ್ರು.”

“ಸಾರ್, ಕಲ್ಲಲ್ಲಿ...” ವಂಶಿ ಎದ್ದ.

“ಕೂತ್ಕೊಳೋ!” ಶಿವಲಿಂಗಯ್ಯ ಗದರಿದರು. ಈ ಕ್ಷಣಕ್ಕೇ ಕಾದಿದ್ದವರಂತೆ ಮುಂದೆ ಬಂದರು. “ಕೇಳಿದ್ರಾ ಸಾರ್? ಮಕ್ಕಳೇ ಮಕ್ಕಳಿಗೆ ಪಾಠ ಹೇಳಿದ್ರೆ ಇದೇ ಹಣೇಬರಹ. ಬಾಯಿಗೆ ಬಂದಿದ್ದು ಇತಿಹಾಸ. ಏನೇ ಹುಡುಗಿ, ದೊಡ್ಡೋರಿಗೇ ಎದುರು ಹೇಳ್ತೀಯಾ? ನಿಮ್ಮಪ್ಪನ್ನ ಕರ್ಕೊಂಡ್ ಬಾ ನಾಳೆ.”

ಮುರುಗೇಶ ಎದ್ದು ಬಂದು ಮೇಷ್ಟ್ರ ಕಿವಿಯ ಹತ್ತಿರ ದನಿ ತಗ್ಗಿಸಿದ. “ನೀವೇನೂ ಯೋಚ್ನೆ ಮಾಡ್ಬೇಡಿ ಸಾರ್. ತಪ್ಪು ನಿಮ್ಮದಲ್ಲ, ಈ ಗುಂಪಿನ ಹುಚ್ಚಿಂದು. ಮಕ್ಕಳು ಒಬ್ಬರಿಗೊಬ್ಬರು ತಪ್ಪು ಕಲಿಸ್ತಿದಾರೆ ಅಂತಷ್ಟೇ ಬರೀತೀನಿ. ಮೊದಲಿನ ಥರ ನೋಟ್ಸ್ ಬರ್ಸಿ. ನಿಮ್ಮ ಪೋಸ್ಟಿಗೆ ಏನೂ ಆಗ್ದೇ ಇರೋ ಹಾಗೆ ನೋಡ್ಕೊಳ್ಳೋದು ನನ್ನ ಜವಾಬ್ದಾರಿ. ಆಯ್ತಾ ಸಾರ್?”

ಒಂದು ಸಲ ತಲೆ ಆಡಿಸಿದ್ದರೆ ಸಾಕಿತ್ತು. ಮಾತೇ ಬೇಕಿರಲಿಲ್ಲ. ಗಂಟಲಿನ ಗುಟ್ಟು ಗಂಟಲಲ್ಲೇ ಉಳಿಯುತ್ತಿತ್ತು, ಕೆಲಸ ಉಳಿಯುತ್ತಿತ್ತು, ಮದುವೆಮನೆಯ ಪಂಕ್ತಿಗಳಲ್ಲಿ ಮರ್ಯಾದೆ ಉಳಿಯುತ್ತಿತ್ತು. ಮೇಷ್ಟ್ರ ಕತ್ತು ಇನ್ನೇನು ಬಾಗಬೇಕು, ಅಷ್ಟರಲ್ಲಿ ಕಣ್ಣು ಮಾನ್ಯಳ ಕೈ ಮೇಲೆ ಬಿತ್ತು. ಹುಡುಗಿ ಅಳು ತಡೆದುಕೊಂಡು ನಿಂತಿದ್ದಳು. ಬಿಗಿ ಹಿಡಿದ ಮುಷ್ಟಿಯ ಬೆರಳ ಸಂದಿಯಲ್ಲಿ ಕೆಂಪು ಅಂಚು ಕಾಣಿಸಿತು. ಅದು ಬೆಳಗಿನ ಚೀಟಿ. ಮೇಷ್ಟ್ರ ಸ್ವಂತ ಅಕ್ಷರ. ಅದನ್ನು ಬಿಚ್ಚಿ ತೋರಿಸಿದ್ದರೆ ಒಂದೇ ಏಟಿಗೆ ಅವಳು ಪಾರಾಗುತ್ತಿದ್ದಳು. ತೋರಿಸಲಿಲ್ಲ. ಬೈಸಿಕೊಂಡು, ಅಪ್ಪನನ್ನು ಕರೆತರುವ ಶಿಕ್ಷೆ ಹಾಕಿಸಿಕೊಂಡು, ಮುಷ್ಟಿ ಇನ್ನೂ ಬಿಗಿ ಮಾಡಿದಳು.

ಥೂ, ನಿನ್ನ ಮೇಷ್ಟ್ರುಗಿರಿಗೆ ಇಷ್ಟು ಬೆಂಕಿ ಹಾಕ ಎಂದು ಚಕ್ರಪಾಣಿ ತಮಗೆ ತಾವೇ ಬೈದುಕೊಂಡರು. ನಾಚಿಕೆಯಿಂದ ಕಿವಿ ಸುಟ್ಟವು.

“ಮುರುಗೇಶ.”

ಗಾಳಿ ಬಂತು, ಗಾಳಿಯ ಹಿಂದೆ ಆ ಕಿರ್ ಸದ್ದು ಬಂತು. ಮುಂದಿನ ಬೆಂಚಿನ ಮಗುವೊಂದು ಬೆಚ್ಚಿ ತಿರುಗಿ ನೋಡಿತು.

“ತಪ್ಪು... ನಂದು.” ಮೇಷ್ಟ್ರು ಮೇಜು ಹಿಡಿದುಕೊಂಡರು. ಒಂದೊಂದು ಅಕ್ಷರಕ್ಕೂ ಗಂಟಲು ಕೊಯ್ದ ಹಾಗಾಗುತ್ತಿತ್ತು. “ಪೇಟೆ ಮೊದಲು. ಈ ಮಗು ಹೇಳಿದ್ದು ಸರಿ. ನಿಂಗೆ... ನಾನು... ತಪ್ಪು ಹೇಳ್ಕೊಟ್ಟೆ. ಇವತ್ತು ಅದನ್ನೇ ಹೇಳು ಅಂತ ಇವಳಿಗೆ ಚೀಟಿ ಕೊಟ್ಟೋನೂ ನಾನೇ. ಕ್ಷಮಿಸ್ಬಿಡಮ್ಮ ಮಾನ್ಯ.”

ಅಲ್ಲಿಗೆ ಕೆಮ್ಮು ಹತ್ತಿತು. ಕಣ್ಣಲ್ಲಿ ನೀರು ಬರುವಷ್ಟು ಕೆಮ್ಮಿ ಕುರ್ಚಿಯಲ್ಲಿ ಕುಸಿದರು. ಆರಾಧನಾ ಎಂಬ ಹುಡುಗಿ ತನ್ನ ನೀರಿನ ಬಾಟಲಿ ತಂದು ಕೈಗಿತ್ತಳು.

“ಏನ್ರೀ ಇದು ಗಂಟ್ಲು? ಎಷ್ಟು ದಿನದಿಂದ ಹೀಗೆ?” ಶಿವಲಿಂಗಯ್ಯನವರ ಕಣ್ಣು ಅರಳಿತು. ಮೇಷ್ಟ್ರು ಐದು ಬೆರಳು ತೋರಿಸಿದರು. ಐದು ತಿಂಗಳು. ಮುಚ್ಚಿಡಲು ಇನ್ನೇನೂ ಉಳಿದಿರಲಿಲ್ಲ. “ಮಾತೇ ಬರದೇ ಇರೋರು ಐದು ತಿಂಗಳಿಂದ ಪಾಠ ಮಾಡ್ತಿದೀರಾ! ಬರ್ಕೊಳಿ ಸಾರ್, ಬರ್ಕೊಳಿ. ಅದೇ ಧ್ವನಿ ಅಂತ ಕಾಲಂ ಇದ್ಯಲ್ಲ.”

ಮುರುಗೇಶ ಬರೆಯಲಿಲ್ಲ. ಅವನ ಮುಖ ಬಿಳಿಚಿತ್ತು. ಪರಿವೀಕ್ಷಕನಾಗುವ ಮೊದಲು ಹತ್ತು ವರ್ಷ ತಾನೂ ಮೇಷ್ಟ್ರಾಗಿ ಎಷ್ಟು ಕ್ಲಾಸಿನಲ್ಲಿ ಆ ಪ್ರಾಸ ಹೇಳಿಸಿದ್ದನೋ, ಅದನ್ನು ಎಣಿಸುತ್ತಿದ್ದನೋ ಏನೋ. ನೆಟ್ಟಗೆ ಹೋಗಿ ಮಾನ್ಯಳ ಗುಂಪಿನ ಬೆಂಚಿನ ತುದಿಯಲ್ಲಿ ಒತ್ತಿಕೊಂಡು ಕೂತ.

“ಎಲ್ಲಮ್ಮಾ ಆ ತಾರೀಕು? ತೋರ್ಸು ನೋಡೋಣ.”

ಮಾನ್ಯ ಮೂಗೊರೆಸಿಕೊಂಡು ಗೆಜೆಟಿಯರ್ ಬಿಚ್ಚಿದಳು. ವಂಶಿ ನಕ್ಷೆಯ ಮೇಲೆ ಬೆರಳಿಟ್ಟ. “ಮೊದಲು ಇಲ್ಲಿ ಪೇಟೆ ಒಳಗೆ ನುಗ್ಗಿದ್ರು ಸಾರ್. ಕೋಟೆ ಇರೋದು ಇದರ ದಕ್ಷಿಣಕ್ಕೆ.” “ಮಧ್ಯದ ಹದಿನಾಲ್ಕು ದಿನ ಏನ್ ಮಾಡಿದ್ರಪ್ಪಾ ಹಾಗಾದ್ರೆ?” ಎಂದು ಮುರುಗೇಶ ಕೇಳಿದ. ನಾಲ್ವರೂ ಒಟ್ಟಿಗೆ ಬಾಯಿ ಹಾಕಿದರು. ಪಕ್ಕದ ಗುಂಪಿನವರೂ ತಿರುಗಿ ಸೇರಿಕೊಂಡರು. ಗದ್ದಲವೋ ಗದ್ದಲ. ಮೇಷ್ಟ್ರು ಗಂಟೆ ಬಾರಿಸಲಿಲ್ಲ.

ಪೀರಿಯಡ್ ಮುಗಿಯಿತು. ಮುರುಗೇಶ ನಿಂತುಕೊಂಡೇ ವರದಿ ತುಂಬಿದ. ಶಿವಲಿಂಗಯ್ಯ ಹೆಗಲ ಹಿಂದಿನಿಂದ ಇಣುಕಿ, ಓದಿ, ಮುಖ ಗಂಟಿಕ್ಕಿಕೊಂಡು ಹೊರಗೆ ಹೋದರು. ಹಾಳೆಯನ್ನು ಮೇಷ್ಟ್ರ ಮೇಜಿನ ಮೇಲಿಟ್ಟು, ಕೆಳಗೆ ಸಹಿ ಮಾಡುವ ಜಾಗ ತೋರಿಸಿ ಮುರುಗೇಶ ಹೇಳಿದ, “ಆಪರೇಷನ್ ಮಾಡಿಸ್ಕೊಳಿ ಸಾರ್. ಅಲ್ಲೀವರೆಗೂ ಇವರು ನೋಡ್ಕೋತಾರೆ.”

ಮೇಷ್ಟ್ರು ಕನ್ನಡಕ ಹಾಕಿಕೊಂಡರು. ಇದೇ ತರಗತಿಗೆ ಇವರನ್ನೇ ಮುಂದುವರಿಸತಕ್ಕದ್ದು ಎಂದು ಕೊನೆಯಲ್ಲಿ ಬರೆದಿತ್ತು. ಅವರ ಕಣ್ಣು ಅಲ್ಲಿ ನಿಲ್ಲದೆ ಮೇಲೆ ಹೋಯಿತು. ಧ್ವನಿ ಎಂಬ ಕಾಲಂ ಈಗ ಖಾಲಿ ಇರಲಿಲ್ಲ. ಅದರೆದುರು ಕೊನೇ ಬೆಂಚಿನ ಮುರುಗೇಶನ ಅದೇ ಹಳೇ ಸೊಟ್ಟ ಅಕ್ಷರದಲ್ಲಿ ಒಂದು ಸಾಲು ಇತ್ತು. “ಕೊನೆಯ ಬೆಂಚಿನವರೆಗೂ ಕೇಳಿಸಿತು.”

ಮೇಷ್ಟ್ರು ಅದನ್ನು ಎರಡು ಸಲ ಓದಿ, ಮಾನ್ಯಳಿಂದ ಪೆನ್ನು ಇಸಕೊಂಡು ಸಹಿ ಹಾಕಿದರು.